ಸಂಜೆ ಮನೆಗೆ ಹೋದವರು, ಹೋಗದವರು

ನಾಗಸಂದ್ರದ ನನ್ನ ಬಾಡಿಗೆ ಮನೆಯಿಂದ ಹೊರಟು ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ನಿಂತರೆ ಹೆಸರಘಟ್ಟದ ಕಡೆ ಹೋಗುವ ಬಸ್ಸು ಸಿಗುತ್ತದೆ. ಆ ದಾರಿಯಲ್ಲಿ ಚಿಕ್ಕಬಾಣಾವರ ದಾಟಿದ ಮೇಲೆ ಸಿಲ್ವೆಪುರ ಅಂತ ಒಂದು ಊರಿದೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ಈ ಹೆಸರು ಕೇಳಿ, ಯಾರೋ ಲೇಔಟ್ ಮಾಡಿದವರು ಸಿಲ್ವರ್ ಎಂಬ ಇಂಗ್ಲಿಷ್ ಪದವನ್ನು ತಿರುಚಿ ಇಟ್ಟಿರಬೇಕು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಸಿಲುವೆಪುರ, ಶಿಲುಬೆಯ ಊರು. ಸಿರಿಯಾಕ್ ಭಾಷೆಯ ‘ಸ್ಲೀಬಾ’ ಎಂಬ ಪದ ಕೇರಳದ ಹಳೆಯ ಕ್ರೈಸ್ತರ ಬಾಯಲ್ಲಿ ನಮ್ಮ ಕಡಲತೀರಕ್ಕೆ ಬಂದು, ತಮಿಳಿನಲ್ಲಿ ಸಿಲುವೈ ಆಗಿ, ಕನ್ನಡದಲ್ಲಿ ಶಿಲುಬೆಯಾಯಿತು. ಅಷ್ಟು ದೂರದಿಂದ ಬಂದ ಪದ ಕೊನೆಗೆ ನಮ್ಮ ಸಿಟಿ ಬಸ್ಸಿನ ದಾರಿಯಲ್ಲಿ ಒಂದು ಊರಿನ ಹೆಸರಾಗಿ ನಿಂತಿದೆ.

ಆ ಊರಿಗೆ ಹೆಸರಿಟ್ಟವರು ಫ್ರೆಂಚ್ ಕ್ಯಾಥೊಲಿಕ್ ಪಾದ್ರಿಗಳು. 1876–78ರ ಮಹಾ ಬರದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗೆ, ನೆಲೆ ತಪ್ಪಿದ ಜನರಿಗೆ ಅಂತ ಕಟ್ಟಿಸಿದ ಬೇಸಾಯದ ಊರು ಅದು. ನಾನು ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ ಹತ್ತೊಂಬತ್ತನೆಯ ಶತಮಾನದ ಮೈಸೂರು ಸೀಮೆಯ ಮಿಷನ್ ಶಾಲೆಗಳು ಮತ್ತು ಅಲ್ಲಿನ ಮಕ್ಕಳು. ಎರಡು ವರ್ಷ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಹಳೆಯ ವರದಿಗಳ ಮುಂದೆ ಕೂತಿದ್ದೇನೆ. ಆದರೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿದ್ದ ಈ ಊರಿಗೆ ಹೋಗಬೇಕು ಅನ್ನಿಸಿದ್ದು ಮಾತ್ರ ತೀರಾ ತಡವಾಗಿ. ಸಂಶೋಧಕರಿಗೆ ಕಾಗದದಲ್ಲಿರುವುದು ಬೇಗ ಕಾಣುತ್ತದೆ, ಕಿಟಕಿಯಾಚೆ ಇರುವುದು ತಡವಾಗಿ ಕಾಣುತ್ತದೆ. ನಾನೇನೂ ಅದಕ್ಕೆ ಹೊರತಲ್ಲ.

ನನ್ನ ವಿಷಯ ಹೇಳಿದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ‘ನೀವು ಅವರ ಪರವೋ, ವಿರೋಧವೋ?’ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿ ಕೆಳಗಿಳಿದಾಗ ಇಬ್ಬರು ಬೇರೆ ಬೇರೆಯಾಗಿ ಬಂದು ಮಾತಾಡಿಸಿದರು. ಒಬ್ಬರಿಗೆ ನಾನು ಮಿಷನರಿಗಳ ವಕೀಲಳಾಗಿ ಕಂಡಿದ್ದೆ, ಇನ್ನೊಬ್ಬರಿಗೆ ಅವರ ಶತ್ರುವಾಗಿ. ಇಬ್ಬರೂ ಕೇಳಿದ್ದು ಅದೇ ಇಪ್ಪತ್ತು ನಿಮಿಷದ ಪ್ರಬಂಧವನ್ನು. ಮತಾಂತರ ನಿಷೇಧ ಕಾಯ್ದೆ ಎಂದೇ ಜನ ಕರೆಯುವ 2022ರ ಕಾನೂನು ಬಂದಾಗ, ಮರುವರ್ಷ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿದಾಗ, ಎರಡೂ ಸಲ ಈ ಜಗಳವೇ ಟಿವಿಯಲ್ಲಿ ನಡೆಯಿತು. ಆ ಕಾಯ್ದೆಯಲ್ಲಿ ಅಪ್ರಾಪ್ತ ಮಕ್ಕಳ ವಿಷಯಕ್ಕೆ ಹೆಚ್ಚಿನ ಶಿಕ್ಷೆ ಇತ್ತು. ಆದರೆ ಚರ್ಚೆಯಲ್ಲಿ ಮಕ್ಕಳ ಮಾತೇ ಇರಲಿಲ್ಲ. ಸೇವೆಗೆ ಬಂದರು ಅನ್ನುವವರಿಗೂ, ಮತ ಬದಲಿಸಲು ಬಂದರು ಅನ್ನುವವರಿಗೂ ಮಗು ಒಂದು ಸಾಕ್ಷಿ ಅಷ್ಟೇ. ಬಂದವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಎಲ್ಲರೂ ಕೇಳುತ್ತಾರೆ. ಅದರಲ್ಲಿ ಗುಟ್ಟೇನೂ ಇರಲಿಲ್ಲ, ಮಿಷನರಿಗಳೇ ತಮ್ಮ ವರದಿಗಳಲ್ಲಿ ನೇರವಾಗಿ ಬರೆದುಕೊಂಡಿದ್ದಾರೆ. ನನ್ನನ್ನು ಕಾಡಿದ ಪ್ರಶ್ನೆ ಅದಕ್ಕಿಂತ ಚಿಕ್ಕದು. ಸಂಜೆ ಆ ಮಗು ಎಲ್ಲಿಗೆ ಹೋಗುತ್ತಿತ್ತು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ, ಅಜ್ಜಿಯಿಂದ ಬಂದದ್ದು. ಅಜ್ಜಿ ತುಮಕೂರಿನವಳು. 1940ರ ದಶಕದಲ್ಲಿ ಮಿಷನ್ನಿನವರ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕು ವರ್ಷ ಓದಿದ್ದಳು. ಅವಳ ತಗಡಿನ ಪೆಟ್ಟಿಗೆಯಲ್ಲಿ, ಹಳೆಯ ಪಂಚಾಂಗದ ನಡುವೆ, ಬಣ್ಣದ ಒಂದು ಚಿತ್ರದ ಕಾರ್ಡು ಇತ್ತು. ಹೆಗಲ ಮೇಲೆ ಕುರಿಮರಿ ಹೊತ್ತ ಯೇಸು. ಅಜ್ಜಿ ಅದನ್ನು ‘ಕುರಿ ಕಾಯೋ ಸ್ವಾಮಿ’ ಅನ್ನುತ್ತಿದ್ದಳು. ಸರಿಯಾಗಿ ಪಾಠ ಒಪ್ಪಿಸಿದ್ದಕ್ಕೆ ಟೀಚರಮ್ಮ ಕೊಟ್ಟದ್ದಂತೆ. ಸಂಜೆ ಮನೆಗೆ ಬಂದ ಮೇಲೆ ಮುತ್ತಾತ ಜಗುಲಿಯ ಮೇಲೆ ಕೂರಿಸಿಕೊಂಡು ‘ಇವತ್ತು ಏನ್ ಹೇಳ್ಕೊಟ್ರು?’ ಅಂತ ಕೇಳುತ್ತಿದ್ದರು. ಅವಳು ಮಗ್ಗಿ ಹೇಳುತ್ತಿದ್ದಳು, ಆಮೇಲೆ ಬೈಬಲ್ಲಿನ ಕತೆ ಹೇಳುತ್ತಿದ್ದಳು. ‘ಮಗ್ಗಿ ಇಟ್ಕೋ, ಕತೆ ಅಲ್ಲೇ ಬಿಟ್ಟು ಬಾ’ ಅನ್ನುವುದು ಅವರ ಮಾತು. ಅಜ್ಜಿ ಕತೆಯನ್ನೂ ಬಿಡಲಿಲ್ಲ. ನನಗೆ ಚಿಕ್ಕಂದಿನಲ್ಲಿ ದಾವೀದ ಗೊಲ್ಯಾತನಿಗೆ ಕಲ್ಲು ಹೊಡೆದ ಕತೆ ಹೇಳಿದವಳು ಅವಳೇ. ಭೀಮ ಬಕಾಸುರನನ್ನು ಕೊಂದ ಕತೆಯ ಮರುದಿನ ಅದನ್ನು ಹೇಳಿದ್ದಳು, ಎರಡೂ ಒಂದೇ ಪುರಾಣದವು ಎಂಬಂತೆ. ಶನಿವಾರದ ಒಪ್ಪತ್ತು ಅವಳು ಕೊನೆಯವರೆಗೂ ತಪ್ಪಿಸಲಿಲ್ಲ.

ಮುತ್ತಾತನ ಆ ಒಂದು ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯ ವರದಿಗಳನ್ನು ಓದಿದರೆ ಬಹಳಷ್ಟು ಸಂಗತಿ ಬೇರೆಯಾಗಿ ಕಾಣುತ್ತದೆ.

ಮಿಷನರಿಗಳು ಬರುವ ಮೊದಲು ಇಲ್ಲಿ ಶಾಲೆ ಇರಲಿಲ್ಲ ಎಂಬುದು ತಪ್ಪು. ಕೂಲಿಮಠಗಳಿದ್ದವು. ಐಗಳಿಗೆ ಮನೆಮನೆಯವರು ದವಸವನ್ನೋ ಒಂದಿಷ್ಟು ದುಡ್ಡನ್ನೋ ಕೊಟ್ಟು ಮಕ್ಕಳನ್ನು ಕಳಿಸುತ್ತಿದ್ದರು. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು, ಮಗ್ಗಿ ಹೇಳುತ್ತಿದ್ದರು, ಅಮರಕೋಶ ಬಾಯಿಪಾಠ ಮಾಡುತ್ತಿದ್ದರು. ಲೆಕ್ಕ ಬರೆಯಲು ಕಡತ ಇತ್ತು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕರಿಹಲಗೆಯಂತೆ ಮಾಡಿ, ಮಡಿಚಿ, ಬಳಪದಿಂದ ಬರೆಯುವ ಪುಸ್ತಕ ಅದು. ಅಳಿಸಬಹುದು, ಮತ್ತೆ ಬರೆಯಬಹುದು. ಮಿಷನ್ನಿನವರು ಹಲವು ಕಡೆ ಹೊಸ ಶಾಲೆ ಕಟ್ಟುವ ಬದಲು ಇದ್ದ ಐಗಳಿಗೇ ಸಂಬಳ ಗೊತ್ತುಮಾಡಿ, ಮಗ್ಗಿಯ ಜೊತೆಗೆ ತಮ್ಮ ಪ್ರಶ್ನೋತ್ತರದ ಪುಸ್ತಕವನ್ನೂ ಹೇಳಿಸಿದರು. ‘ನಿನ್ನನ್ನು ಸೃಷ್ಟಿಸಿದವರು ಯಾರು’ ಎಂಬ ಪ್ರಶ್ನೆಗೆ ಉತ್ತರವನ್ನು ಮಕ್ಕಳು ಎರಡೊಂದ್ಲೆ ಎರಡು ಹೇಳುವ ರಾಗದಲ್ಲೇ ಹೇಳಿರಬೇಕು. ಇಡೀ ಪುಸ್ತಕ ಬಾಯಿಪಾಠವಾಗಿದೆ, ಆದರೆ ಮನಸ್ಸಿಗೆ ತಟ್ಟಿದ ಲಕ್ಷಣವಿಲ್ಲ ಎಂಬ ಮಿಷನರಿಗಳ ಬೇಸರ ಹಲವು ವರದಿಗಳಲ್ಲಿದೆ. ಅಮರಕೋಶ ಬಾಯಿಪಾಠ ಮಾಡಿದ ಮಗುವಿಗೆ ಅದೇನು ದೊಡ್ಡ ಕೆಲಸ?

ಬೆಂಗಳೂರಿನಲ್ಲಿ ಈ ಕೆಲಸ ಹಿಡಿದವರಲ್ಲಿ ಮುಖ್ಯರು ಲಂಡನ್ ಮಿಷನ್ನಿನವರು ಮತ್ತು ವೆಸ್ಲಿಯನ್ನರು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದು, 1887ರಲ್ಲಿ ಸಾಯುವವರೆಗೆ ಐವತ್ತು ವರ್ಷ ಇಲ್ಲಿನ ಕೆಲಸಕ್ಕೇ ಅಂಟಿಕೊಂಡವರು. ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಹುಡುಕಿ ಅಲೆದವರೆಲ್ಲ ಅವರ ಹೆಸರಿನ ಚರ್ಚಿನ ಮುಂದೆ ಹಾದುಹೋಗಿರುತ್ತಾರೆ. 1840ರ ದಶಕದ ಆರಂಭದಲ್ಲಿ ಅವರ ಹೆಂಡತಿಯೂ ಸಹೋದ್ಯೋಗಿ ಸೂವೆಲ್ ಅವರ ಹೆಂಡತಿಯೂ ಸೇರಿ ಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದರು. ಮಿಷನ್ ರಸ್ತೆಯ ಮಿತ್ರಾಲಯ ಶಾಲೆ ತನ್ನ ಬೇರನ್ನು ಅಲ್ಲೇ ಗುರುತಿಸುತ್ತದೆ. ಹೆಣ್ಣು ಅಕ್ಷರ ಕಲಿತರೆ ಗಂಡ ಸಾಯುತ್ತಾನೆ ಎಂಬ ನಂಬಿಕೆ ಜೀವಂತವಾಗಿದ್ದ ಕಾಲ ಅದು. ಹಾಗಿದ್ದೂ ಕೆಲವು ಮನೆಗಳವರು ಕಳಿಸಿದರು. ಕಳಿಸಿದ ಆ ತಾಯಂದಿರ ಬಗ್ಗೆ ನನಗೆ ರೈಸ್ ದಂಪತಿಗಳಿಗಿಂತ ಹೆಚ್ಚು ಕುತೂಹಲ.

ವೆಸ್ಲಿಯನ್ನರದು ಇನ್ನೂ ಸೋಜಿಗದ ಕತೆ. 1840ರಲ್ಲಿ ಅವರು ಬೆಂಗಳೂರಿನಲ್ಲಿ ಮುದ್ರಣಾಲಯ ತೆರೆದರು. ಶಾಲೆಯ ಪುಸ್ತಕ, ಧರ್ಮದ ಕರಪತ್ರ, ಎಲ್ಲ ಅಲ್ಲಿಂದಲೇ ಬರುತ್ತಿದ್ದವು. ಅದೇ ಅಚ್ಚುಕೂಟದಿಂದ 1849ರಲ್ಲಿ ಜಾನ್ ಗ್ಯಾರೆಟ್ ಸಂಪಾದಿಸಿದ ಭಗವದ್ಗೀತೆ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಹೊರಬಂತು! ಮುಂದೆ ಮೈಸೂರಿನ ಸರ್ಕಾರಿ ವಿದ್ಯಾ ಇಲಾಖೆಯ ಮುಖ್ಯಸ್ಥನಾದದ್ದೂ ಇದೇ ಗ್ಯಾರೆಟ್. ಅವನ ನಂತರ ಆ ಇಲಾಖೆಗೆ ಬಂದವನು ಬೆಂಜಮಿನ್ ರೈಸರ ಮಗ, ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್. ಶಾಲೆ ತಪಾಸಣೆಗೆ ಊರೂರು ಸುತ್ತುವಾಗ ಕಂಡ ಕಲ್ಲುಗಳು ಅವನನ್ನು ಹಿಡಿದುಕೊಂಡವು. ಆಮೇಲಿನದು ಕನ್ನಡ ಓದುವವರೆಲ್ಲರಿಗೂ ಗೊತ್ತು, ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳು. ಮಿಷನ್ ಮನೆಯ ಮಗ ಅಪ್ಪನ ಸುವಾರ್ತೆ ಬಿಟ್ಟು ಗಂಗರ, ಹೊಯ್ಸಳರ ದಾನಶಾಸನಗಳ ಹಿಂದೆ ಹೋದ. ಮಕ್ಕಳು ದೊಡ್ಡವರು ಅಂದುಕೊಂಡಂತೆ ಆಗುವುದಿಲ್ಲ ಎಂಬುದಕ್ಕೆ ಅವನೂ ಒಂದು ಉದಾಹರಣೆ.

ಕುವೆಂಪು ಇನ್ನೊಂದು ಉದಾಹರಣೆ. ಮೈಸೂರಿನಲ್ಲಿ ಅವರು ಓದಿದ್ದು ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ. ಇಂಗ್ಲಿಷ್ ಕಾವ್ಯದ ರುಚಿ ಹತ್ತಿದ ದಿನಗಳವು. ದಶಕಗಳ ನಂತರ ‘ಮಲೆಗಳಲ್ಲಿ ಮದುಮಗಳು’ ಬರೆಯುವಾಗ ಮಲೆನಾಡಿಗೆ ಬಂದ ಪಾದ್ರಿ ಜೀವರತ್ನಯ್ಯನನ್ನು ಅವರು ನೋಡಿದ ರೀತಿ ನೆನಪಿಸಿಕೊಳ್ಳಿ. ಊರವರು ‘ಬೀಸೆಕಲ್ಲು’ ಅನ್ನುವ ಬೈಸಿಕಲ್ಲಿನ ಮೇಲೆ ಬರುವ ಪಾದ್ರಿ. ಗೌಡರ ಮನೆಯ ಹುಡುಗ ದೇವಯ್ಯನಿಗೆ ಪಾದ್ರಿಯ ಮಾತಿನ ಮೇಲೆ ಎಷ್ಟು ಮೋಹವೋ ಆ ಬೈಸಿಕಲ್ಲಿನ ಮೇಲೂ ಅಷ್ಟೇ ಮೋಹ. ಜುಟ್ಟು ಕತ್ತರಿಸುವುದು, ಹೊಸ ಬಟ್ಟೆ, ಹೊಸ ವಾಹನ, ಹೊಸ ದೇವರು, ಇವೆಲ್ಲ ಒಂದು ತಾರುಣ್ಯದಲ್ಲಿ ಹೇಗೆ ಕಲಸಿಕೊಳ್ಳುತ್ತವೆ ಎಂಬುದನ್ನು ಯಾವ ಇತಿಹಾಸದ ಪುಸ್ತಕವೂ ಅಷ್ಟು ಚೆನ್ನಾಗಿ ಹೇಳಿಲ್ಲ. ನನ್ನ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಕಾದಂಬರಿಯನ್ನು ಸೇರಿಸಬಾರದು ಅಂದಿದ್ದಾರೆ. ಇಲ್ಲಿ ಯಾರೂ ತಡೆಯುವವರಿಲ್ಲ.

ಹಾಗಂತ ಮನೆಯವರ ಕಾವಲು ಯಾವಾಗಲೂ ಗೆಲ್ಲುತ್ತಿರಲಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಪ್ರಭಾವಕ್ಕೆ ಬಂದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಪಟ್ಟಣವೇ ಎದ್ದು ನಿಂತಿತು. ಆತ ಮುಂದೆ ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ. ಇಂಥ ಒಂದು ದೀಕ್ಷಾಸ್ನಾನ ನಡೆದರೆ ಸಾಕು, ಸುತ್ತಿನ ಶಾಲೆಗಳ ಬೆಂಚುಗಳು ಖಾಲಿಯಾಗುತ್ತಿದ್ದವು. ಕೆಲವು ತಿಂಗಳ ನಂತರ, ಮತ್ತೆ ಇಂಗ್ಲಿಷ್ ಬೇಕು, ನೌಕರಿ ಬೇಕು ಅನ್ನಿಸಿದಾಗ, ಅಪ್ಪಂದಿರು ಮಕ್ಕಳನ್ನು ಕರೆತಂದು ಮತ್ತೆ ಬಿಡುತ್ತಿದ್ದರು. ಇದೊಂದು ಚೌಕಾಸಿ. ಬೈಬಲ್ ಪಾಠ ಎಷ್ಟು ಹೊತ್ತು, ಯಾರ ಪಕ್ಕ ಯಾರು ಕೂರಬೇಕು, ಎಲ್ಲದರ ಮೇಲೂ ಮನೆಗಳು ಮಾತಾಡಿದವು. ಮಾತು ಸಾಗದಿದ್ದಾಗ ಬೇರೆ ದಾರಿ ಹುಡುಕಿದವು. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿ ಶಾಲೆ ಹುಟ್ಟಿದ್ದರ ಹಿಂದೆ, ನಮ್ಮ ಹೆಣ್ಣುಮಕ್ಕಳು ಓದಬೇಕು, ಆದರೆ ಪಾದ್ರಿಗಳ ಕೈಕೆಳಗೆ ಬೇಡ ಎಂಬ ಎಣಿಕೆಯೂ ಇತ್ತು.

ಚೌಕಾಸಿ ಮಾಡಲು ಮನೆಗೂ ಒಂದು ಸ್ಥಾನ ಬೇಕು ಎಂಬುದನ್ನು ಇಲ್ಲಿ ಹೇಳದಿದ್ದರೆ ನನ್ನ ಮಾತು ಮೇಲ್ಜಾತಿಯ ಜಗುಲಿಯ ಮಾತಷ್ಟೇ ಆಗುತ್ತದೆ. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಅರ್ಜಿ ಕೊಟ್ಟ. ಬೊಂಬಾಯಿ ಸರ್ಕಾರ ನಿರಾಕರಿಸಿತು, ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಡುತ್ತಾರೆ ಎಂಬ ಕಾರಣಕ್ಕೆ. ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಆ ಹುಡುಗನ ಅರ್ಜಿಗಿಂತ ದೊಡ್ಡ ದಾಖಲೆ ಕಡಿಮೆ. ಅವನಿಗೂ ಮನೆಯಿತ್ತು, ಸಂಜೆ ಕೇಳುವ ಅಪ್ಪ ಅಮ್ಮ ಇದ್ದಿರಬಹುದು. ಆದರೆ ‘ಮಗ್ಗಿ ಇಟ್ಕೋ, ಕತೆ ಬಿಡು’ ಅನ್ನಲು ಮೊದಲು ಮಗ್ಗಿ ಹೇಳಿಕೊಡುವವರು ಬೇಕಲ್ಲ. ಅಂಥ ಮಕ್ಕಳಿಗೆ ಬಾಗಿಲು ತೆರೆದ ಕಡೆ ಅದು ಬಹಳ ಸಲ ಮಿಷನ್ನಿನ ಬಾಗಿಲೇ ಆಗಿತ್ತು. ಇದನ್ನು ಚೆನ್ನಾಗಿ ಅರಿತವರು ಮಂಗಳೂರಿನ ಕುದ್ಮುಲ್ ರಂಗರಾಯರು. 1897ರಲ್ಲಿ ದಲಿತ ಮಕ್ಕಳ ಶಾಲೆಗಳಿಗಾಗಿ ಸಂಸ್ಥೆ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರಿನಲ್ಲೂ ‘ಮಿಷನ್’ ಇತ್ತು: ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಅವರಿಗೆ ಸ್ವಜಾತಿಯವರು ಬಹಿಷ್ಕಾರ ಹಾಕಿದರು.

ಇಷ್ಟು ದೂರ ನಾನು ಹೇಳಿದ್ದು ಸಂಜೆ ಮನೆಗೆ ಹೋದ ಮಕ್ಕಳ ಕತೆ. ಇನ್ನು ಧಾತು, ಈಶ್ವರ ಸಂವತ್ಸರಗಳು.

ನಮ್ಮ ಹಳ್ಳಿಗಳಲ್ಲಿ ತೀರಾ ಹಳೆಯ ತಲೆಗಳು ಈಗಲೂ ‘ಧಾತು ಬರ’ ಅನ್ನುತ್ತಾರೆ. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು, ಮರುವರ್ಷವೂ ಮಳೆ ಸರಿಯಾಗಲಿಲ್ಲ. ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ಹೆಚ್ಚಬೇಕಾಗಿದ್ದ ಲೆಕ್ಕ ಸುಮಾರು 8,70,000 ಕಡಿಮೆಯಾಗಿದೆ. ಈ ಅಂಕಿಗಳನ್ನು ನಾನು ಮೊದಲು ನೋಡಿದ್ದು ಅದೇ ಬಿ. ಎಲ್. ರೈಸ್ ಸಿದ್ಧಪಡಿಸಿದ ಗ್ಯಾಸೆಟಿಯರಿನಲ್ಲಿ. ಎರಡು ಸಾಲಿನ ಸಂಖ್ಯೆ ಅಷ್ಟೇ. ಪುಟ ತಿರುಗಿಸಿದರೆ ಬೆಳೆ, ಬೆಟ್ಟ, ನದಿಗಳ ವಿವರ ಬರುತ್ತದೆ. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ಆ ಬರದಲ್ಲೇ ಪರಿಹಾರ ಕಾಮಗಾರಿಯಾಗಿ ಶುರುವಾದದ್ದು. ರೈಲಿನಲ್ಲಿ ಮೈಸೂರಿಗೆ ಹೋಗುವಾಗ ಮದ್ದೂರು ವಡೆಯ ನೆನಪಿನ ನಡುವೆ ಇದು ನೆನಪಾಗುವುದು ಕಷ್ಟ.

ಹಳ್ಳಿ ಬಿಟ್ಟ ಜನ ಬೆಂಗಳೂರಿನ ಕಡೆ ನಡೆದರು. ನಾನು ದಿನಾ ಮೆಟ್ರೊ ಹತ್ತುವ ಇದೇ ತುಮಕೂರು ರಸ್ತೆಯಲ್ಲೂ ನಡೆದು ಬಂದಿರುತ್ತಾರೆ. ದಾರಿಯಲ್ಲಿ ದೊಡ್ಡವರು ಸತ್ತರು, ಇಲ್ಲವೇ ಗಂಜಿಕೇಂದ್ರದ ಬಾಗಿಲಲ್ಲಿ ಮಗುವನ್ನು ಬಿಟ್ಟು ಹೋದರು. ಬರ ಮುಗಿದಾಗ ಕೇಂದ್ರಗಳಲ್ಲಿ ಉಳಿದ ಈ ಮಕ್ಕಳನ್ನು ಏನು ಮಾಡುವುದು ಎಂಬ ಪ್ರಶ್ನೆ ಸರ್ಕಾರದ ಮುಂದೆ ಬಂತು. ಸಾಕುತ್ತೇವೆ ಅಂತ ಮುಂದೆ ಬಂದವರು ಮಿಷನ್ನಿನವರು. ವೆಸ್ಲಿಯನ್ನರು ಹುಡುಗರಿಗೆ ತುಮಕೂರಿನಲ್ಲಿ, ಹುಡುಗಿಯರಿಗೆ ಹಾಸನದಲ್ಲಿ ಅನಾಥಾಲಯ ನಡೆಸಿದರು. ಕ್ಯಾಥೊಲಿಕ್ ಪಾದ್ರಿಗಳಿಗೆ 1854ರಲ್ಲೇ ಬೆಂಗಳೂರಿಗೆ ಬಂದಿದ್ದ ಗುಡ್ ಶೆಪರ್ಡ್ ಸನ್ಯಾಸಿನಿಯರ ನೆರವಿತ್ತು. ಬಂದ ಮಕ್ಕಳಲ್ಲಿ ಅನೇಕರು ಹಸಿವಿನಿಂದ ಎಷ್ಟು ಬಡಕಲಾಗಿದ್ದರೆಂದರೆ ಅನ್ನ ಸಿಕ್ಕ ಮೇಲೂ ಉಳಿಯಲಿಲ್ಲ. ಉಳಿದವರನ್ನು ಬದುಕಿಸಿದ ಕೈಗಳನ್ನು ನಾನು ಹಗುರವಾಗಿ ಕಾಣಲಾರೆ. ಕಾಲರಾ ಹರಡಿದ ಮನೆಯೊಳಗೆ ಯಾರದೋ ಮಕ್ಕಳ ಮೈ ತೊಳೆದವರು ಅವರು.

ಆದರೆ ಇಲ್ಲಿ ಚೌಕಾಸಿ ಇರಲಿಲ್ಲ. ಜಗುಲಿಯ ಮೇಲೆ ಕೂತು ‘ಇವತ್ತು ಏನ್ ಹೇಳ್ಕೊಟ್ರು’ ಎಂದು ಕೇಳುವವರಿರಲಿಲ್ಲ. ಐವತ್ತು ವರ್ಷ ಶಾಲೆ ನಡೆಸಿ, ಬೀದಿಯಲ್ಲಿ ನಿಂತು ಸುವಾರ್ತೆ ಸಾರಿ ಬೆರಳೆಣಿಕೆಯಷ್ಟು ಜನರನ್ನು ಪಡೆದಿದ್ದ ಮಿಷನ್ನುಗಳಿಗೆ ಎರಡು ವರ್ಷದ ಬರ ನೂರಾರು ಮಕ್ಕಳನ್ನು ಕೊಟ್ಟಿತು. ಮಗುವಿಗೆ ದೀಕ್ಷಾಸ್ನಾನವಾಯಿತು, ಹೊಸ ಹೆಸರು ಬಂತು. ದಕ್ಷಿಣ ಭಾರತದ ಮಿಷನ್ ಬೋರ್ಡಿಂಗುಗಳಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಇಂಗ್ಲೆಂಡಿನಲ್ಲಿ ಒಂದು ಮಗುವಿನ ಖರ್ಚು ವಹಿಸಿಕೊಂಡವರು ಆ ಮಗುವಿಗೆ ತಮಗೆ ಬೇಕಾದ ಹೆಸರಿಡಿಸಬಹುದಿತ್ತು. ಅಲ್ಲಿನ ಮಕ್ಕಳಿಗಾಗಿಯೇ ಮಿಷನ್ ಪತ್ರಿಕೆಗಳಿದ್ದವು. ಲಂಡನ್ ಮಿಷನ್ನಿನ ಮಕ್ಕಳ ಪತ್ರಿಕೆ ಶುರುವಾದದ್ದು 1844ರಲ್ಲಿ. ಅದೇ ವರ್ಷ ಬ್ರಿಟನ್ನಿನ ಮಕ್ಕಳು ಕೂಡಿಸಿದ ಚಿಲ್ಲರೆ ಕಾಸಿನಿಂದ ‘ಜಾನ್ ವಿಲಿಯಮ್ಸ್’ ಎಂಬ ಹಡಗನ್ನೇ ಕೊಂಡರು. ಅಂಥ ಪತ್ರಿಕೆ ಓದಿದ ಹುಡುಗಿಗೆ ದೂರದ ಇಂಡಿಯಾದ ಹುಡುಗಿಯ ಮೇಲೆ ನಿಜವಾದ ಕರುಣೆ ಇದ್ದಿರಬಹುದು. ಆದರೆ ಆ ಕರುಣೆ ಹೆಸರಾಗಿ ಬಂದು ಕೂತಾಗ ಇಲ್ಲಿನ ಹುಡುಗಿಯ ಹಳೆಯ ಹೆಸರು ಎಲ್ಲಿ ಹೋಯಿತು? ರಿಜಿಸ್ಟರಿನಲ್ಲಿ ಒಂದು ಹೆಸರಿಗಷ್ಟೇ ಜಾಗ.

ಇಂಗ್ಲೆಂಡಿನಲ್ಲೂ ಈ ಕೆಲಸ ಬಡವರ ಮಕ್ಕಳಿಂದಲೇ ಶುರುವಾದದ್ದು. 1780ರಲ್ಲಿ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಭಾನುವಾರದ ಶಾಲೆ ತೆರೆದದ್ದು, ವಾರವಿಡೀ ಗುಂಡುಸೂಜಿ ಕಾರ್ಖಾನೆಯಲ್ಲಿ ದುಡಿದ ಮಕ್ಕಳಿಗೆ ಅದೊಂದೇ ದಿನ ಬಿಡುವು ಎಂಬ ಕಾರಣಕ್ಕೆ. ಮೊದಲು ಕಲಿಸಿದ್ದು ಓದು. ಆದರೆ ಆ ಮಕ್ಕಳೂ ಭಾನುವಾರ ಸಂಜೆ ಮನೆಗೆ ಹೋಗುತ್ತಿದ್ದರು.

ಅದೇ ದಶಕದ ಬರದಲ್ಲಿ ಅನಾಥಳಾದ ಒಬ್ಬಳು ಮಾತ್ರ ತನ್ನ ಕತೆಯನ್ನು ತಾನೇ ಹೇಳಿದಳು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು, ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿ ಜಗಳ ಕಟ್ಟಿಕೊಂಡವರು. ಊರೂರು ಪುರಾಣ ಹೇಳುತ್ತ ಅಲೆಯುತ್ತಿದ್ದ ಈ ಕುಟುಂಬದಲ್ಲಿ ಬರಗಾಲದ ಹಸಿವಿಗೆ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದರು. ರಮಾಬಾಯಿಗೆ ಆಗ ಹದಿನಾರರ ಆಸುಪಾಸು, ಜೊತೆಗೆ ಅಣ್ಣನೊಬ್ಬ. ಆಕೆ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದಳು. ಆಗಲೂ ಅಲ್ಲಿನ ಸನ್ಯಾಸಿನಿಯರ ಜೊತೆ ಸಿದ್ಧಾಂತದ ವಿಷಯಕ್ಕೆ ಪಟ್ಟು ಹಿಡಿದು ವಾದ ಮಾಡುತ್ತಲೇ ಇದ್ದಳು. ಒಪ್ಪುವುದಕ್ಕೂ ಒಪ್ಪದಿರುವುದಕ್ಕೂ ಬೇಕಾದ ವಯಸ್ಸು, ಓದು, ಮಾತು ಆಕೆಗಿತ್ತು. 1896–97ರ ಬರದಲ್ಲಿ ಅದೇ ರಮಾಬಾಯಿ ಮಧ್ಯಪ್ರಾಂತ್ಯದಿಂದ ನೂರಾರು ಹುಡುಗಿಯರನ್ನು ಕೆಡಗಾಂವಿಗೆ ಕರೆತಂದಳು. ಆ ಹುಡುಗಿಯರಿಗೆ ವಾದ ಮಾಡುವ ವಯಸ್ಸಿತ್ತೇ? ಅದೇ ಹೊತ್ತಿನಲ್ಲಿ ಲಾಹೋರಿನಿಂದ ಲಾಲಾ ಲಜಪತರಾಯರು ಬರದ ಹಿಂದೂ ಅನಾಥರು ಮಿಷನ್ನಿನವರ ಪಾಲಾಗಬಾರದು ಅಂತ ಬೇರೆ ಅನಾಥಾಲಯಗಳ ಚಳವಳಿ ನಡೆಸಿದರು. ಮಕ್ಕಳಿಗಾಗಿ ಎರಡೂ ಕಡೆಯವರು ರೈಲು ನಿಲ್ದಾಣಗಳಿಗೆ ಓಡಿದರು ಎಂಬುದೇ ಒಂದು ಸಂಗತಿ. ನಮ್ಮ ಕಡೆ 1877ರಲ್ಲಿ ಹಾಗೆ ಓಡಿ ಬಂದವರು ಬಹಳ ಕಡಿಮೆ. ಅನಾಥ ಮಗುವನ್ನು ಮನೆಗೆ ತಂದರೆ ಅದರ ಜಾತಿ ಯಾವುದೋ ಎಂಬ ಹಿಂಜರಿಕೆ ಇದ್ದ ಸಮಾಜ, ಆ ಮಗು ಬೇರೆಯವರ ಮನೆ ಸೇರಿದ್ದನ್ನು ಆಮೇಲೆ ಆಕ್ಷೇಪಿಸಿತು. ಈ ವಾಕ್ಯವನ್ನು ನನ್ನ ಪ್ರಬಂಧದಲ್ಲಿ ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ. ಈಗ ಇಲ್ಲಿ ಇರಲಿ.

ಕಳೆದ ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಸಿಲ್ವೆಪುರಕ್ಕೆ ಹೋದೆ. ಕಲಾವಿದ ಜ್ಯೋತಿ ಸಾಹಿ ಅವರು 1970ರ ದಶಕದಿಂದ ನೆಲೆಸಿರುವ ಊರು ಎಂದು ಕಲೆಯ ವಿದ್ಯಾರ್ಥಿಗಳಿಗೆ ಈ ಹೆಸರು ಗೊತ್ತಿರುತ್ತದೆ. ಉಳಿದಂತೆ ನಮ್ಮ ಉತ್ತರ ಬೆಂಗಳೂರಿನ ಯಾವುದೇ ಊರಿನ ಹಾಗೆ: ನಿವೇಶನದ ಬೋರ್ಡುಗಳು, ಅರ್ಧ ಕಟ್ಟಿದ ಮನೆಗಳು, ನಡುವೆ ಒಂದಿಷ್ಟು ರಾಗಿ ಕೊಯ್ದ ಹೊಲ. ಚರ್ಚಿನ ಹತ್ತಿರದ ಅಂಗಡಿಯ ಮುಂದೆ ಒಬ್ಬ ಹಿರಿಯರು ಕೂತಿದ್ದರು. ‘ಯಾರ ಮನೆಗಮ್ಮಾ?’ ಅಂದರು. ಯಾರ ಮನೆಗೂ ಅಲ್ಲ, ಊರು ನೋಡೋಣ ಅಂತ ಬಂದೆ, ಓದ್ತಾ ಇದೀನಿ ಅಂದೆ. ನಕ್ಕು ಪಕ್ಕದ ಕಲ್ಲಿನ ಮೇಲೆ ಕೂರಲು ಹೇಳಿದರು.

ನಾನು ಪುಸ್ತಕದ ಪ್ರಶ್ನೆಯನ್ನೇ ಕೇಳಿದೆ. ‘ನಿಮ್ಮ ತಾತನವರು ಯಾವೂರಿಂದ ಬಂದವರು?’

‘ಇದೇ ಊರು.’

‘ಅದಕ್ಕೂ ಮುಂಚೆ?’

‘ಅದಕ್ಕೂ ಮುಂಚೆ ಬರ ಅಲ್ವೇನಮ್ಮಾ’ ಅಂದರು, ಬರ ಎಂಬುದು ಮಾಗಡಿ, ಕುಣಿಗಲ್ಲಿನ ಹಾಗೆ ಒಂದು ಊರು ಎಂಬಂತೆ.

ಅವರ ತಾತನ ಅಪ್ಪನನ್ನು ಸ್ವಾಮಿಗಳು ಸಾಕಿದರಂತೆ. ಅಲ್ಲಿನವರು ಪಾದ್ರಿಗಳನ್ನು ಸ್ವಾಮಿಗಳು ಅಂತಲೇ ಅನ್ನುತ್ತಾರೆ. ಮದುವೆಯನ್ನೂ ಅವರೇ ಮಾಡಿಸಿ, ನೆಲ ಕೊಟ್ಟು, ಎತ್ತು ಕೊಟ್ಟರಂತೆ. ಹುಡುಗಿಯೂ ಅನಾಥೆಯೇ. ಇಬ್ಬರಿಗೂ ನೆಂಟರಿಲ್ಲದ್ದರಿಂದ ಮದುವೆಗೆ ಊಟಕ್ಕೆ ಕೂತವರೆಲ್ಲ ಅವರಂಥವರೇ ಎಂದು ಮನೆಯಲ್ಲಿ ಹೇಳುತ್ತಿದ್ದರಂತೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ದುಃಖವಿರಲಿಲ್ಲ, ಕೃತಜ್ಞತೆಯನ್ನು ತೋರಿಸಿಕೊಳ್ಳುವ ಆತುರವೂ ಇರಲಿಲ್ಲ. ‘ಅನ್ನ ಹಾಕಿದ್ರು, ಹೆಸರು ಇಟ್ರು. ಬೇರೆ ಯಾರು ಬಂದಿದ್ರು?’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದ್ರೂ ಒಂದ್ ಊರು ಅಂತ ಇರ್ಬೇಕಿತ್ತು’ ಅಂತ ಸೇರಿಸಿದರು. ಅಕ್ಕಪಕ್ಕದ ಹಳ್ಳಿಯವರು ಜಾತ್ರೆಗೆ, ಹಬ್ಬಕ್ಕೆ ತಮ್ಮ ಮೂಲದ ಊರಿಗೆ ಹೋಗುವುದನ್ನು ಚಿಕ್ಕಂದಿನಲ್ಲಿ ನೋಡುತ್ತಿದ್ದರಂತೆ. ‘ನಮಗೆ ಹೋಗಕ್ಕೆ ಇರಲಿಲ್ಲ. ಎಲ್ಲಾ ಹಬ್ಬಾನೂ ಇಲ್ಲೇ.’

ಸಂಜೆಯ ಪ್ರಾರ್ಥನೆಗೆ ಗಂಟೆ ಹೊಡೆಯಿತು. ಅವರು ಎದ್ದು ಪಂಚೆ ಸರಿಮಾಡಿಕೊಂಡರು. ಮಿಲ್ಲರ್ಸ್ ರಸ್ತೆಯಲ್ಲಿ ಹಳೆಯ ಕಾಗದ ನೋಡುತ್ತೇನೆ ಅಂದದ್ದು ಅವರ ತಲೆಯಲ್ಲಿ ಉಳಿದಿತ್ತು. ಮುತ್ತಾತನ ಕ್ರೈಸ್ತ ಹೆಸರನ್ನೂ, ಆ ಹೆಸರಿಗಿಂತ ಮೊದಲು ಇತ್ತು ಅಂತ ಮನೆಯಲ್ಲಿ ಹೇಳಿಕೊಂಡು ಬಂದ ಇನ್ನೊಂದು ಹೆಸರನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಬರೆಸಿದರು. ಎರಡನೆಯದನ್ನು ಬರೆದು ಓದಿ ಹೇಳಿಸಿದರು, ಸರಿಯಾಗಿದೆಯಾ ಅಂತ.

‘ಎಲ್ಲಾದ್ರೂ ಊರಿನ ಹೆಸರು ಸಿಕ್ರೆ ಒಂದ್ ಫೋನ್ ಮಾಡಮ್ಮ’ ಅಂದರು. ನಂಬರು ಕೊಟ್ಟರು. ಮೊಬೈಲಿನಲ್ಲಿ ಅದನ್ನು ಸೇವ್ ಮಾಡುವಾಗ ಯಾವ ಹೆಸರು ಹಾಕಿಕೊಳ್ಳಲಿ ಅಂತ ಕೇಳಿದೆ. ‘ಸಿಲ್ವೆಪುರ ಅಂತ ಹಾಕ್ಕೊ, ಸಾಕು’ ಅಂದು ಚರ್ಚಿನ ಕಡೆ ಹೊರಟರು. ನನ್ನ ಬಸ್ಸು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು.